ಪಿಸ್ತೂಲ್ ಪಂದ್ಯ ನೋಡಲು ಟೆಕ್ಸಾಸ್‌ಗೆ: ಹುಬ್ಬಳ್ಳಿಯಿಂದ ಹೊರಡುವವರಿಗೆ

ಹುಬ್ಬಳ್ಳಿ-ಧಾರವಾಡದಲ್ಲಿ ಏರ್ ಪಿಸ್ತೂಲ್ ಹಿಡಿಯುವ ಹುಡುಗ-ಹುಡುಗಿಯರು ಈಗ ಕಡಿಮೆಯೇನಿಲ್ಲ. 10 ಮೀಟರ್ ದೂರ, 60 ಗುಂಡು, 75 ನಿಮಿಷ. ನಿಂತಲ್ಲೇ ನಿಂತು, ಒಂದೇ ಕೈಯಲ್ಲಿ, ಉಸಿರು ಬಿಗಿಹಿಡಿದು. ಈ ಆಟ ಆಡಿದವರಿಗೆ ಮೊಬೈಲಿನಲ್ಲಿ ಒಮ್ಮೆ ಪ್ರಾಕ್ಟಿಕಲ್ ಶೂಟಿಂಗ್ ಕಂಡರೆ ಸಾಕು, ನಿದ್ದೆ ಹಾರಿಹೋಗುತ್ತದೆ. ಓಡುತ್ತ, ಬಾಗುತ್ತ, ಕಿಟಕಿಯೊಳಗೆ ಇಣುಕುತ್ತ ಎರಡೂ ಕೈಯಲ್ಲಿ ಪಿಸ್ತೂಲ್ ಹಿಡಿದು ಹೊಡೆಯುವ ಪಂದ್ಯ ಅದು. ಇಪ್ಸಿಕ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ 1976ರಲ್ಲಿ ಹುಟ್ಟಿದ್ದು ಅಮೆರಿಕದ ಮಿಸೌರಿಯಲ್ಲಿ. ಅಮೆರಿಕದೊಳಗೆ ಯುಎಸ್‌ಪಿಎಸ್‌ಎ ಹೆಸರಿನಲ್ಲಿ ಈ ಪಂದ್ಯಗಳು ನಡೆಯುತ್ತವೆ. ನಮ್ಮ ಅಣ್ಣನ ಮಗ ಡಲ್ಲಾಸ್ ಬಳಿ ಇದ್ದಾನೆ, ಗ್ರೀನ್ ಕಾರ್ಡ್ ಆದಮೇಲೆ ಇದರ ಹುಚ್ಚು ಹಿಡಿಸಿಕೊಂಡಿದ್ದಾನೆ. ಮಕ್ಕಳನ್ನು ನೋಡಲು ಟೆಕ್ಸಾಸ್‌ಗೆ ಹೋಗುವವರು ನಮ್ಮ ಕಡೆ ಮನೆಗೊಬ್ಬರಿದ್ದಾರೆ. ಅವರಲ್ಲಿ ಯಾರಿಗಾದರೂ ಈ ಆಸೆ ಇದ್ದರೆ ಅಂತ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಅಮೆರಿಕದ ಕೇಂದ್ರ ಕಾನೂನಿನಂತೆ ವಲಸೆಯೇತರ ವೀಸಾದ ಮೇಲೆ ಬಂದವರು ಬಂದೂಕಾಗಲಿ ಮದ್ದುಗುಂಡಾಗಲಿ ಇಟ್ಟುಕೊಳ್ಳುವಂತಿಲ್ಲ. ಪ್ರವಾಸಿ ವೀಸಾ ಅಷ್ಟೇ ಅಲ್ಲ, ಎಚ್‌1ಬಿ ಕೂಡ ಇದರೊಳಗೇ ಬರುತ್ತದೆ. ಅಲ್ಲಿನ ಬೇಟೆ ಲೈಸೆನ್ಸ್ ಇದ್ದವರಿಗೆ, ಪಂದ್ಯಕ್ಕೆಂದೇ ಬಂದವರಿಗೆ ವಿನಾಯಿತಿ ಉಂಟು. ಆದರೆ ಗೆಳೆಯರು ‘ಏನೂ ಆಗೂದಿಲ್ಲ ತಗೋರಿ’ ಅಂದದ್ದನ್ನು ನಂಬಿ ಪಿಸ್ತೂಲ್ ಹಿಡಿಯಬೇಡಿ, ವಕೀಲರನ್ನು ಕೇಳಿ. ಇನ್ನೊಂದು ಸೂಕ್ಷ್ಮವಿದೆ. ಆ ಕಾನೂನಿನಲ್ಲಿ ‘ಮದ್ದುಗುಂಡು’ ಅಂದರೆ ತುಂಬಿದ ತೋಟಾ ಮಾತ್ರವಲ್ಲ. ಕೇಸು (ತೋಟಾದ ಲೋಹದ ಕವಚ), ಪ್ರೈಮರು (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಿಲ್ಲೆ), ಬುಲೆಟ್ಟು, ಮದ್ದು ಎಲ್ಲವೂ ಸೇರಿವೆ. ಪಂದ್ಯದ ನಂತರ ಎಲ್ಲರೂ ಬಗ್ಗಿ ಖಾಲಿ ಕೇಸು ಆರಿಸುವಾಗ ನೀವು ಸುಮ್ಮನೆ ನಿಂತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹಾಗಾದರೆ ಹೋಗಿ ಮಾಡುವುದೇನು? ಟಾರ್ಗೆಟ್‌ಗೆ ಬಿದ್ದ ಗುಂಡಿನ ತೂತು ಮುಚ್ಚಲು ಚೀಟಿ ಅಂಟಿಸುವುದು. ತಮಾಷೆಯಲ್ಲ, ಗುಂಡು ಹಾರಿಸುವವನಿಗಿಂತ ಈ ಆಟ ಹೆಚ್ಚು ಅರ್ಥವಾಗುವುದು ಚೀಟಿ ಅಂಟಿಸುವವನಿಗೆ.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಧಾರವಾಡದಿಂದ ವಂದೇ ಭಾರತ್ ಹತ್ತಿದರೆ ಯಶವಂತಪುರದಲ್ಲೇ ಇಳಿದುಬಿಡಿ, ಮೆಜೆಸ್ಟಿಕ್‌ವರೆಗೆ ಹೋದರೆ ದೇವನಹಳ್ಳಿ ಇನ್ನಷ್ಟು ದೂರವಾಗುತ್ತದೆ. ಡಲ್ಲಾಸ್‌ಗೆ ಹೋಗಲು ಕೊಲ್ಲಿಯಲ್ಲೋ ಯುರೋಪಿನಲ್ಲೋ ವಿಮಾನ ಬದಲಿಸಬೇಕು. ರೊಟ್ಟಿ, ಶೇಂಗಾ ಚಟ್ನಿ, ಪೇಡೆ ಏನೇ ಒಯ್ದರೂ ಕಸ್ಟಮ್ಸ್‌ನಲ್ಲಿ ಬಾಯಿಬಿಟ್ಟು ಹೇಳಿ. ಜುಲೈ-ಆಗಸ್ಟ್‌ನಲ್ಲಿ ಹೋಗಬೇಡಿ, 38 ಡಿಗ್ರಿ ದಾಟುವುದು ಅಲ್ಲಿ ಮಾಮೂಲು, ರೇಂಜಿನಲ್ಲಿ ನೆರಳು ಕಡಿಮೆ. ಅಕ್ಟೋಬರ್-ನವೆಂಬರ್ ವಾಸಿ. ರೇಂಜುಗಳು ಊರಾಚೆ ಇರುತ್ತವೆ, ಬಸ್ಸಿನ ಆಸೆ ಬಿಡಿ, ಕಾರಿರುವ ನೆಂಟರು ಬೇಕೇ ಬೇಕು. ಯಾವ ವಾರ ಎಲ್ಲಿ ಪಂದ್ಯ ಎಂಬುದು ಪ್ರಾಕ್ಟಿಸ್ಕೋರ್ ಎಂಬ ವೆಬ್‌ಸೈಟಿನಲ್ಲಿ ಸಿಗುತ್ತದೆ. ಪಂದ್ಯ ನಡೆಸುವವರಿಗೆ ಮೊದಲೇ ಒಂದು ಮಾತು ಹೇಳಿಸಿ: ನೋಡಲು ಒಬ್ಬರು ಬರುತ್ತಾರೆ, ಕೆಲಸಕ್ಕೂ ಕೈಹಚ್ಚುತ್ತಾರೆ ಅಂತ. ಎರಡನೇ ಮಾತು ಕೇಳಿದರೆ ಅವರ ದನಿಯೇ ಬದಲಾಗುತ್ತದೆ!

ಸಾಧ್ಯವಾದರೆ ಹಿಂದಿನ ಸಂಜೆಯೇ ಹೋಗಿ. ಸ್ಟೇಜ್, ಅಂದರೆ ಪಂದ್ಯದ ಒಂದೊಂದು ಸುತ್ತು ಆಡುವ ಜಾಗ, ಕಟ್ಟುವುದು ಆಗ. ಮೂರು ಕಡೆ ಮಣ್ಣಿನ ದಿಬ್ಬವಿರುವ ಅಂಗಳ, ಅದರೊಳಗೆ ಮರದ ಚೌಕಟ್ಟಿಗೆ ಜಾಳಿಗೆ ಬಿಗಿದ ಗೋಡೆಗಳು, ಡ್ರಮ್ಮುಗಳು, ಕಂದು ರಟ್ಟಿನ ಟಾರ್ಗೆಟ್‌ಗಳು, ಗುಂಡು ತಾಗಿದರೆ ಬೀಳುವ ಉಕ್ಕಿನ ಪಾಪರ್‌ಗಳು. ನಾನು ಮೊಳೆ ಹಿಡಿದುಕೊಡುತ್ತಿದ್ದ ಸ್ಟೇಜಿನ ಯಜಮಾನ ವಯಸ್ಸಾದ ಬಡಗಿ. ಗೋಡೆ ನಿಲ್ಲಿಸುವ ಮೊದಲು ಆತ ಪ್ರತಿ ಟಾರ್ಗೆಟ್‌ನ ಮುಂದೆ ಮಂಡಿಯೂರಿ ಕೂತು, ಇಲ್ಲಿಂದ ಹೊಡೆದರೆ ಗುಂಡು ದಿಬ್ಬದ ಯಾವ ಜಾಗಕ್ಕೆ ಹೋಗುತ್ತದೆ, ಕುಳ್ಳನಿಗೆ ಹೇಗೆ, ಎತ್ತರದವನಿಗೆ ಹೇಗೆ ಅಂತ ನೋಡುತ್ತಿದ್ದ. ಅಂದಗಾಣಿಸುವುದೆಲ್ಲ ಆಮೇಲೆ.

ಆತನ ಸ್ಟೇಜಿನಲ್ಲಿ ಒಂದು ಮಜಾ ಇತ್ತು. ನಡುವಿನ ಕಿಟಕಿಯಿಂದ ಒಂದು ಪಾಪರ್, ನಿಂತ ಎರಡು ರಟ್ಟು ಕಾಣುತ್ತವೆ. ಪಾಪರ್ ಬಿದ್ದರೆ ತಂತಿ ಸಡಿಲಾಗಿ, ಡ್ರಮ್ಮಿನ ಹಿಂದೆ ಅಡಗಿದ್ದ ಮೂರನೇ ರಟ್ಟು ಲೋಲಕದಂತೆ ಆಚೀಚೆ ತೂಗತೊಡಗುತ್ತದೆ. ಅದರ ಪಕ್ಕದಲ್ಲೇ ಬಿಳಿಯ ರಟ್ಟು. ಅದಕ್ಕೆ ತಾಗಿಸಿದರೆ 10 ಅಂಕ ಕಡಿತ. ಪಾಪರ್ ಹೊಡೆದು ತೂಗುವುದನ್ನು ಕಾಯುತ್ತ ನಿಂತವನು ಹೋದ. ಪಾಪರ್ ಬೀಳಿಸಿ, ಆ ಒಂದೂವರೆ ಸೆಕೆಂಡಿನಲ್ಲಿ ನಿಂತ ರಟ್ಟುಗಳನ್ನು ಮುಗಿಸಿ, ತಿರುಗಿದಾಗ ಸರಿಯಾಗಿ ರಟ್ಟು ಹೊರಬರುತ್ತಿದ್ದರೆ ಅವನು ಗೆದ್ದ. ಹೀಗೇ ಹೊಡೆ ಅಂತ ಯಾರೂ ಹೇಳುವುದಿಲ್ಲ. ಗೆರೆ ದಾಟಬೇಡ ಅಂತ ಮಾತ್ರ ಹೇಳುತ್ತಾರೆ. ದೊಡ್ಡ ಸ್ಟೇಜಿಗೆ 32 ಗುಂಡಿನ ಮಿತಿ, ಒಂದೇ ಜಾಗದಿಂದ 8ಕ್ಕಿಂತ ಹೆಚ್ಚು ಹೊಡೆಸುವಂತಿಲ್ಲ ಎಂಬ ನಿಯಮ. ಮ್ಯಾಗಜೀನಿನಲ್ಲಿ ಕಡಿಮೆ ಗುಂಡು ಹಿಡಿಯುವ ಹಳೆ ಮಾದರಿಯ ಪಿಸ್ತೂಲಿನವನಿಗೂ ಆಗ ನಡೆಯುತ್ತ ಮ್ಯಾಗಜೀನ್ ಬದಲಿಸಲು ದಾರಿ ಸಿಗುತ್ತದೆ.

ಬೆಳಿಗ್ಗೆ ಎಲ್ಲರಿಗೂ ಸ್ಟೇಜಿನಲ್ಲಿ ಖಾಲಿ ಕೈಯಲ್ಲಿ ಓಡಾಡಿ ನೋಡಲು ಸ್ವಲ್ಪ ಹೊತ್ತು ಕೊಡುತ್ತಾರೆ. ಬೆರಳನ್ನೇ ಪಿಸ್ತೂಲ್ ಮಾಡಿ, ಬಾಯಲ್ಲಿ ಏನೋ ಎಣಿಸುತ್ತ, ಕಣ್ಣುಮುಚ್ಚಿ ಹೆಜ್ಜೆಹಾಕುವ ಆ ಮಂದಿಯನ್ನು ನೋಡಿದರೆ ದೊಡ್ಡಾಟದ ತಾಲೀಮು ಕಂಡಂತಾಗುತ್ತದೆ. ಇದನ್ನು ತಪ್ಪಿಸಬೇಡಿ. ಒಳ್ಳೆಯ ಆಟಗಾರ ಎಲ್ಲಿ ನಿಲ್ಲುತ್ತಾನೆ, ಯಾವುದನ್ನು ಓಡುತ್ತಲೇ ಹೊಡೆಯಲು ಲೆಕ್ಕ ಹಾಕಿದ್ದಾನೆ ಎಂಬುದು ಇಲ್ಲೇ ಗೊತ್ತಾಗುತ್ತದೆ. ಆಮೇಲಿನದು ಇಪ್ಪತ್ತು-ಮೂವತ್ತು ಸೆಕೆಂಡಿನ ಆಟ.

ಅಂಕದ ಲೆಕ್ಕ ಏರ್ ಪಿಸ್ತೂಲಿನವರಿಗೆ ಮೊದಲಿಗೆ ತಲೆಕೆಳಗು ಅನಿಸುತ್ತದೆ. ಪಡೆದ ಅಂಕವನ್ನು ತೆಗೆದುಕೊಂಡ ಸೆಕೆಂಡಿನಿಂದ ಭಾಗಿಸುತ್ತಾರೆ, ಅದು ಹಿಟ್ ಫ್ಯಾಕ್ಟರ್. 32 ಗುಂಡಿನ ಸ್ಟೇಜಿಗೆ ಪೂರ್ಣ ಅಂಕ 160. ಒಬ್ಬ 25 ಸೆಕೆಂಡಿನಲ್ಲಿ 150 ಗಳಿಸಿದರೆ 6.00, ಇನ್ನೊಬ್ಬ 20 ಸೆಕೆಂಡಿನಲ್ಲಿ 140 ಗಳಿಸಿದರೆ 7.00. ಎರಡನೆಯವನೇ ಮುಂದು, ಅವನಿಗೆ ಪೂರಾ 160; ಮೊದಲನೆಯವನಿಗೆ ಏಳರಲ್ಲಿ ಆರು ಪಾಲು, ಅಂದರೆ ಸುಮಾರು 137. ಹಾಗಂತ ಬರೀ ಓಡಿದರೂ ಆಗದು. ಒಂದು ಗುಂಡು ತಪ್ಪಿದರೆ ಸಿಗಬೇಕಿದ್ದ 5 ಅಂಕವೂ ಇಲ್ಲ, ಮೇಲೆ 10 ದಂಡ.

ಈಗ ಚೀಟಿ ಕೆಲಸ. ಕಂದು ರಟ್ಟಿಗೆ ಕಂದು ಚೀಟಿ, ಬಿಳಿಯದಕ್ಕೆ ಬಿಳಿ. ರೇಂಜಿನ ಅಧಿಕಾರಿ ‘ರೇಂಜ್ ಈಸ್ ಕ್ಲಿಯರ್’ ಅನ್ನುವತನಕ ಕಾಲು ಕದಲಿಸಬೇಡಿ. ಅಂದಮೇಲೂ ಅಧಿಕಾರಿಯ ಹಿಂದೆಯೇ ಹೋಗಿ, ಆತ ‘ಟೂ ಆಲ್ಫಾ’ ಅಥವಾ ‘ಆಲ್ಫಾ, ಚಾರ್ಲಿ’ (ಆಲ್ಫಾ ಅಂದರೆ ರಟ್ಟಿನ ನಡುಭಾಗ, ಚಾರ್ಲಿ ಅದರ ಹೊರಗಿನದು) ಎಂದು ಕೂಗಿ ಬರೆಸಿದ ಮೇಲೆ ಅಂಟಿಸಿ. ಎಣಿಸುವ ಮೊದಲೇ ರಂಧ್ರ ಮುಚ್ಚಿದರೆ ಆ ಆಟಗಾರ ಇಡೀ ಸ್ಟೇಜ್ ಮತ್ತೆ ಆಡಬೇಕಾಗಬಹುದು. ಚೆನ್ನಾಗಿ ಆಡಿದ್ದವನಾದರೆ ಊಟದವರೆಗೂ ನಿಮ್ಮ ಮುಖ ನೋಡಲಿಕ್ಕಿಲ್ಲ. ಕನ್ನಡಕ, ಕಿವಿರಕ್ಷಕ ನೋಡುವವರಿಗೂ ಕಡ್ಡಾಯ. ಕೊರಳು ಮುಚ್ಚುವ ಅಂಗಿ ಹಾಕಿ. ಪಿಸ್ತೂಲಿನಿಂದ ಚಿಮ್ಮುವ ಕಾದ ಕೇಸು ಕಾಲರಿನೊಳಗೆ ಬಿದ್ದರೆ ಕುಣಿಯುವುದು ಗ್ಯಾರಂಟಿ. ರೇಂಜಿನ ತುಂಬ ಸೀಸದ ಧೂಳಿರುತ್ತದೆ, ತಣ್ಣೀರಲ್ಲಿ ಸೋಪು ಹಚ್ಚಿ ಕೈ ತೊಳೆಯದೆ ರೊಟ್ಟಿ ಗಂಟು ಬಿಚ್ಚಬೇಡಿ.

ಮನೆಗೆ ಬಂದಮೇಲೆ ನಮ್ಮ ಅಣ್ಣನ ಮಗ ಗ್ಯಾರೇಜಿನಲ್ಲಿ ತೋಟಾ ತುಂಬಲು ಕೂತ. ಅಲ್ಲಿ ಇದು ಮನೆಮನೆಯ ಹವ್ಯಾಸ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, ಹಾಗಾಗಿ ನಾನು ನೋಡಿದ್ದು ನೋಡುವುದಕ್ಕಷ್ಟೇ. ‘ಕಾಕಾ, ಕೈ ಹಿಂದ ಕಟ್ಕೊಂಡು ನಿಂದರ್ರಿ, ಮೇಜು ಮುಟ್ಟಬ್ಯಾಡ್ರಿ’ ಅಂದ. ಫೋನು ಆಚೆ, ಟಿವಿ ಬಂದ್, ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು. ಪ್ರೆಸ್ಸಿನ ಹಿಡಿಕೆ ಒಮ್ಮೆ ಎಳೆದರೆ ತಟ್ಟೆ ಒಂದು ಮನೆ ತಿರುಗಿ, ಒಂದರಲ್ಲಿ ಹಳೆ ಪ್ರೈಮರ್ ಹೊರಗೆ, ಮುಂದಿನದರಲ್ಲಿ ಮದ್ದು, ಅದರ ಮುಂದೆ ಬುಲೆಟ್ಟು, ಕೊನೆಗೆ ಒಂದು ಸಿದ್ಧ ತೋಟಾ ಟಣ್ ಅಂತ ಡಬ್ಬಿಗೆ. ಹುಡುಗನ ಕಣ್ಣು ಮಾತ್ರ ಪ್ರತಿಸಲ ಕೇಸಿನೊಳಗೆ ಇಣುಕುತ್ತಿತ್ತು. ಮದ್ದು ಬೀಳದ ತೋಟಾ ಸಿಡಿದರೆ ಬುಲೆಟ್ಟು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆಯೇ ಒಡೆಯಬಹುದು. ಪಂದ್ಯದಲ್ಲಿ ‘ಪುಸ್’ ಎಂಬ ಸದ್ದು ಕೇಳಿದ ಕೂಡಲೇ ಅಧಿಕಾರಿ ‘ಸ್ಟಾಪ್’ ಅಂತ ಕಿರಿಚುವುದು ಅದಕ್ಕೇ.

ಇಷ್ಟೆಲ್ಲ ಯಾಕೆ ಅಂದರೆ ದುಡ್ಡು ಉಳಿಯುತ್ತದೆ, ಜೊತೆಗೆ ಪವರ್ ಫ್ಯಾಕ್ಟರ್, ಅಂದರೆ ತೋಟಾದ ಬಲದ ಅಳತೆ, ಕೈಯಲ್ಲಿರುತ್ತದೆ. ಬುಲೆಟ್ಟಿನ ತೂಕ ಗ್ರೇನ್‌ನಲ್ಲಿ, ವೇಗ ಸೆಕೆಂಡಿಗೆ ಎಷ್ಟು ಅಡಿ ಎಂದು. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸುವುದು. 124 ಗ್ರೇನ್, 1,050 ಅಡಿ ಆದರೆ 130. ಕನಿಷ್ಠ 125 ಇರಬೇಕು. ದೊಡ್ಡ ಪಂದ್ಯಗಳಲ್ಲಿ ನಿಮ್ಮ ತೋಟಾ ತೆಗೆದುಕೊಂಡು ವೇಗ ಅಳೆಯುತ್ತಾರೆ. 125ಕ್ಕಿಂತ ಕೆಳಗಿಳಿದರೆ ಆಡಬಹುದು, ಅಂಕ ಮಾತ್ರ ಸೊನ್ನೆ.

ವಾಪಸು ಹೊರಡುವಾಗ ರೇಂಜಿಗೆ ಒಯ್ದ ಚೀಲವನ್ನು ವಿಮಾನಕ್ಕೆ ಒಯ್ಯಬೇಡಿ, ಬೇರೆಯದೇ ಚೀಲ ಇರಲಿ. ಕೇಸುಗಳು ಜೇಬಿಗೆ, ಪ್ಯಾಂಟಿನ ಮಡಿಕೆಗೆ, ಶೂಗೆ ಗೊತ್ತಿಲ್ಲದಂತೆ ಬಿದ್ದಿರುತ್ತವೆ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಾಮಾನಿನಲ್ಲಿ ಒಂದು ತೋಟಾ ಸಿಕ್ಕರೂ ಪೊಲೀಸ್ ಠಾಣೆ ಮೆಟ್ಟಿಲು ಹತ್ತಬೇಕು, ಖಾಲಿ ಕೇಸಿಗೂ ಜನ ಸಿಕ್ಕಿಬಿದ್ದಿದ್ದಾರೆ. ಆ ಬಟ್ಟೆಗಳನ್ನು ಅಲ್ಲೇ ಒಗೆದು, ಜೇಬುಗಳ ಒಳಭಾಗವನ್ನು ಹೊರಗೆಳೆದು ಝಾಡಿಸಿ, ಆಮೇಲೆ ಮಡಚಿ ಇಡಿ. ನೆನಪಿಗೆ ಏನಾದರೂ ಬೇಕೇ ಬೇಕು ಅಂದರೆ ತೂತುಬಿದ್ದ ರಟ್ಟಿನ ಟಾರ್ಗೆಟ್ ಕೇಳಿ, ಸಂತೋಷದಿಂದ ಕೊಡುತ್ತಾರೆ.