ಚಿಪ್ಪಿಂಗ್: ಫ್ಯಾಟ್ ಆದರೂ ಥಿನ್ ಆದರೂ ರೋಗ ಒಂದೇ

ಗಾಲ್ಫ್‌ನಲ್ಲಿ ಗ್ರೀನ್ (ಹೋಲ್ ಇರುವ, ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ) ಹತ್ತಿರದಿಂದ ಚೆಂಡನ್ನು ತುಸು ಎತ್ತಿ ಉರುಳಬಿಡುವ ಸಣ್ಣ ಹೊಡೆತವೇ ಚಿಪ್. ಒಂದು ಚಿಪ್‌ನಲ್ಲಿ ಕ್ಲಬ್ ನೆಲ ಅಗೆದು ಚೆಂಡು ಎರಡಡಿ ಉರುಳುತ್ತದೆ. ಮುಂದಿನದ್ದು ಚೆಂಡಿನ ಹೊಟ್ಟೆಗೆ ತಗುಲಿ ಗ್ರೀನ್ ದಾಟಿ ಆಚೆ ಬದಿಗೆ. ನೋಡಲು ತದ್ವಿರುದ್ಧ, ಆದರೆ ಎರಡರಲ್ಲೂ ಸ್ವಿಂಗ್‌ನ ತಳ, ಅಂದರೆ ಬೀಸುವಾಗ ಕ್ಲಬ್ ಅತಿ ಕೆಳಗಿಳಿಯುವ ಜಾಗ, ಚೆಂಡಿಗಿಂತ ಹಿಂದೆ ಬಿದ್ದಿರುತ್ತದೆ. ಅಲ್ಲೇ ನೆಲಕ್ಕೆ ಕಚ್ಚಿದರೆ ಫ್ಯಾಟ್, ಮೇಲೇಳುತ್ತಾ ಬಂದು ತಗುಲಿದರೆ ಥಿನ್.

ಮೂಲ ಕಾರಣ, ಚೆಂಡನ್ನು ಎತ್ತಿ ಹಾಕಬೇಕೆಂಬ ಹಟ. ಆಗ ಭಾರ ಹಿಂದಿನ ಕಾಲಿಗೆ ಜಾರುತ್ತದೆ, ಮಣಿಕಟ್ಟು ಮೊಗೆಯಲು ಹೋಗುತ್ತದೆ. ಎತ್ತುವುದು ಲಾಫ್ಟ್‌ನ, ಅಂದರೆ ಕ್ಲಬ್ ಮುಖದ ವಾಲಿಕೆಯ ಕೆಲಸ, ಅದಕ್ಕೇ ಬಿಡಿ.

ಬಲಗೈ ಆಟಗಾರರಾದರೆ ಎಡಗಾಲಿನ ಮೇಲೆ ಶೇ. 60–70 ಭಾರ ಹಾಕಿ, ಕೊನೆಯವರೆಗೂ ಅಲ್ಲೇ ಇರಲಿ. ಪಾದಗಳ ನಡುವೆ ಒಂದು ಕ್ಲಬ್‌ಹೆಡ್‌ನಷ್ಟು ಅಂತರ ಸಾಕು. ಚೆಂಡು ನಡುವಿನಲ್ಲಿ, ಅಥವಾ ಕೂದಲೆಳೆಯಷ್ಟು ಹಿಂದೆ. ಕೈಗಳು ಎಡತೊಡೆಯ ಒಳಬದಿಯ ನೇರಕ್ಕಿರಲಿ. 'ಕೈ ಮುಂದಿಡಿ' ಎಂಬ ಸಲಹೆಯನ್ನು ಹಲವರು ಅತಿ ಮಾಡುತ್ತಾರೆ. ಶಾಫ್ಟ್ (ಕ್ಲಬ್‌ನ ಕೋಲು) ಹೆಚ್ಚು ಮುಂದಕ್ಕೆ ವಾಲಿದಷ್ಟೂ ವೆಡ್ಜ್‌ನ (ಹೆಚ್ಚು ಲಾಫ್ಟ್ ಇರುವ ಕ್ಲಬ್) ಬೌನ್ಸ್, ಅಂದರೆ ನೆಲಕ್ಕೆ ಕಚ್ಚದೆ ಜಾರಲು ನೆರವಾಗುವ ತಳದ ಉಬ್ಬು, ಕೆಲಸಕ್ಕೆ ಬರುವುದಿಲ್ಲ, ಮುಂಚೂಣಿಯ ಅಂಚು ಗುದ್ದಲಿಯಂತೆ ನೆಲ ಹೊಗುತ್ತದೆ.

ಹಿಂದಕ್ಕೆ ದೊಡ್ಡದಾಗಿ ಒಯ್ದು, ಹೆಚ್ಚಾಯಿತೇನೋ ಎಂದು ಚೆಂಡಿನ ಬಳಿ ಬ್ರೇಕ್ ಹಾಕುವುದು ಇನ್ನೊಂದು ಚಾಳಿ. ಹಿಂದಕ್ಕೆ ಕಡಿಮೆ ಒಯ್ದು, ಎದೆಯನ್ನು ಗುರಿಯತ್ತ ತಿರುಗಿಸುತ್ತಾ ಹೋಗಿ. ಎದೆ ನಿಂತರೆ ಮಣಿಕಟ್ಟು ಮಡಚುತ್ತದೆ.

ಪ್ರತಿ ಚಿಪ್‌ಗೂ 60 ಡಿಗ್ರಿ ಲಾಫ್ಟ್‌ನ ವೆಡ್ಜ್ ಹಿಡಿಯುವುದು ಶೋಕಿ ಅಷ್ಟೇ. ಗ್ರೀನ್ ಒಳಗೆ ಒಂದು ಹೆಜ್ಜೆಯಷ್ಟು ದೂರದ ಸಮತಟ್ಟು ಜಾಗವೊಂದನ್ನು ಗುರುತಿಸಿ, ಚೆಂಡು ಅಲ್ಲಿ ಬಿದ್ದು ಮಿಕ್ಕಿದ್ದು ಉರುಳಲಿ. ಗ್ರೀನ್ ಸಮತಟ್ಟಾಗಿದ್ದು ವೇಗ ಸಾಧಾರಣವಾಗಿದ್ದರೆ ಸ್ಯಾಂಡ್ ವೆಡ್ಜ್‌ನಲ್ಲಿ ಗಾಳಿಯಲ್ಲಿ ಹೋದಷ್ಟೇ ಉರುಳುತ್ತದೆ. ಲಾಫ್ಟ್ ಕಡಿಮೆಯಿರುವ ಪಿಚಿಂಗ್ ವೆಡ್ಜ್‌ನಲ್ಲಿ ಸುಮಾರು ಎರಡು ಪಟ್ಟು, ಇನ್ನೂ ಕಡಿಮೆಯಿರುವ 9 ಐರನ್‌ನಲ್ಲಿ ಮೂರು, 8ರಲ್ಲಿ ನಾಲ್ಕು. ಇಳಿಜಾರಿದ್ದರೆ ಈ ಲೆಕ್ಕ ತಪ್ಪುತ್ತದೆ.

ದಟ್ಟ ರಫ್‌ನಲ್ಲಿ (ಉದ್ದ ಹುಲ್ಲಿನ ಜಾಗ) ಹುಲ್ಲು ಕ್ಲಬ್‌ಗೆ ಸುತ್ತಿಕೊಳ್ಳುವುದರಿಂದ ಹಿಡಿತ ತುಸು ಬಿಗಿ ಇರಲಿ, ಹೊಡೆತ ಕಡಿದಾಗಿರಲಿ. 1985ರ ಯು.ಎಸ್. ಓಪನ್‌ನ ಕೊನೆಯ ಸುತ್ತಿನಲ್ಲಿ ನಾಲ್ಕು ಸ್ಟ್ರೋಕ್ (ಹೊಡೆತ) ಮುಂದಿದ್ದ ತೈವಾನ್‌ನ ಟಿ.ಸಿ. ಚೆನ್ ಐದನೇ ಹೋಲ್‌ನಲ್ಲಿ ಇಂಥ ರಫ್‌ನಿಂದ ಚಿಪ್ ಮಾಡುವಾಗ ಕ್ಲಬ್ ಒಂದೇ ಚೆಂಡಿಗೆ ಎರಡು ಸಲ ತಗುಲಿ ದಂಡ ಬಿತ್ತು. ಆ ಹೋಲ್‌ಗೆ ಒಟ್ಟು ಎಂಟು ಸ್ಟ್ರೋಕ್. 2019ರ ನಿಯಮಗಳಿಂದ ಈಚೆಗೆ ಅಕಸ್ಮಾತ್ತಾದ ಇಂಥ ಎರಡನೇ ತಗುಲಿಕೆಗೆ ದಂಡವಿಲ್ಲ.

ಅಭ್ಯಾಸಕ್ಕೆ ಒಂದು ಟವೆಲ್ ಸಾಕು. ಅದನ್ನು ಮಡಚಿ ಚೆಂಡಿನ ಹಿಂದೆ ಅರ್ಧ ಅಡಿ ದೂರದಲ್ಲಿ ಹಾಸಿ. ಕ್ಲಬ್ ಟವೆಲ್ ಮುಟ್ಟಿದರೆ ತಳ ಇನ್ನೂ ಹಿಂದಿದೆ ಎಂದೇ ಅರ್ಥ. ಬಳಿಕ ಚೆಂಡು ತೆಗೆದು ಹತ್ತು ಸಲ ಬರೀ ಹುಲ್ಲು ಸವರಿ. ಸವೆದ ಗುರುತು ಎಡಗಾಲಿನ ಒಳ ಹಿಮ್ಮಡಿಗಿಂತ ಹಿಂದೆಯೇ ಮುಗಿಯುತ್ತಿದ್ದರೆ, ಕೈಗಳನ್ನು ತಿದ್ದುವ ಮೊದಲು ಭಾರ ಎಲ್ಲಿದೆ ನೋಡಿಕೊಳ್ಳಿ.