ಕೊಕ್ಕರೆ ಬೆಳ್ಳೂರಿನ ತಾತ, ತೇಜಸ್ವಿಯವರ ಮಂದಣ್ಣ

ಪೂರ್ಣಚಂದ್ರ ತೇಜಸ್ವಿ ಅಂದ ಕೂಡಲೇ ಎಲ್ಲರಿಗೂ ಮೂಡಿಗೆರೆ ನೆನಪಾಗುತ್ತದೆ. ಮೈಸೂರಿನವರಾದ ನಮಗೆ ಇಲ್ಲಿನ ಒಂಟಿಕೊಪ್ಪಲು ಬಡಾವಣೆಯೂ ನೆನಪಾಗುತ್ತದೆ. 1938ರಲ್ಲಿ ಮಲೆನಾಡಿನಲ್ಲಿ ಹುಟ್ಟಿದ ಹುಡುಗ ಬೆಳೆದದ್ದು ಈ ಊರಲ್ಲಿ. ಓದಿದ್ದು ಮಹಾರಾಜ ಕಾಲೇಜಿನಲ್ಲಿ. ಕನ್ನಡ ಎಂ.ಎ. ಮಾಡಿದ್ದರು, ಕುವೆಂಪು ಅವರ ಮಗ ಬೇರೆ. ಮೇಷ್ಟರ ಕೆಲಸ ಹಿಡಿದು ಇಲ್ಲೇ ನೆಮ್ಮದಿಯಾಗಿ ಇರಬಹುದಿತ್ತು. ಅದನ್ನು ಬಿಟ್ಟು ಮೂಡಿಗೆರೆ ಹತ್ತಿರ ಕಾಫಿ ತೋಟ ಮಾಡಲು ಹೋದರು. 2007ರ ಏಪ್ರಿಲ್ 5ರಂದು ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ಆ ನಿರ್ಧಾರದ ಬೆಲೆ ನನಗೆ ಚೆನ್ನಾಗಿ ಅರ್ಥವಾದದ್ದು ಮೂಡಿಗೆರೆಯಲ್ಲಲ್ಲ, ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ.

ನಮ್ಮ ಅಕ್ಕನ ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ಅವಳಿಗೆ ತೇಜಸ್ವಿಯವರ ಕಾದಂಬರಿ 'ಕರ್ವಾಲೋ' ಕೊಟ್ಟಿದ್ದೆ. ಎರಡು ರಾತ್ರಿಯಲ್ಲಿ ಮುಗಿಸಿ ಫೋನ್ ಮಾಡಿದಳು. "ಚಿಕ್ಕಮ್ಮ, ಕತೆ ಸಕತ್ತಾಗಿದೆ. ಆದ್ರೆ ಮಂದಣ್ಣನಂಥವನು ನಿಜವಾಗ್ಲೂ ಇರ್ತಾನಾ? ಜೇನು ಹಿಡಿಯೋನು ವಿಜ್ಞಾನಿಗೆ ದಾರಿ ತೋರಿಸೋದು ಸ್ವಲ್ಪ ಜಾಸ್ತಿ ಆಯ್ತಲ್ವಾ?" ನಾನು ಉತ್ತರ ಹೇಳಲಿಲ್ಲ. ಭಾನುವಾರ ಬೆಳಗ್ಗೆ ಬೇಗ ಎದ್ದು ಬಾ ಅಂದೆ.

ಮಾರ್ಚ್ ತಿಂಗಳು. ಮದ್ದೂರಿಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಕೊಕ್ಕರೆ ಬೆಳ್ಳೂರಿನಲ್ಲಿ ಇಳಿಯುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಮೊದಲು ಬರುವುದು ವಾಸನೆ, ಮೀನಿನದು ಮತ್ತು ಹಿಕ್ಕೆಯದು. ಆಮೇಲೆ ಗಲಾಟೆ. ಹಕ್ಕಿ ನೋಡಬೇಕೆಂದರೆ ಕಾಡಿಗೋ ಕೆರೆಗೋ ಹೋಗಬೇಕು ಅಂದುಕೊಂಡವರಿಗೆ ಈ ಊರು ನಂಬಲಾಗದ ಹಾಗಿದೆ. ಮನೆಯ ಪಕ್ಕದ ಹುಣಸೆ ಮರದಲ್ಲಿ, ಬೀದಿಯ ಅರಳಿ ಮರದಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳ ಗೂಡುಗಳು. ಕೆಳಗೆ ಎಮ್ಮೆ ಕಟ್ಟಿದ್ದಾರೆ, ಬಟ್ಟೆ ಒಣಗಿಸಿದ್ದಾರೆ, ಮಕ್ಕಳು ಕ್ರಿಕೆಟ್ ಆಡುತ್ತಿದ್ದಾರೆ.

ಒಂದು ಮರದ ಎದುರಿನ ಜಗಲಿಯಲ್ಲಿ ವಯಸ್ಸಾದವರೊಬ್ಬರು ಕೂತಿದ್ದರು. ಹುಡುಗಿ ಮೊಬೈಲ್ ಹಿಡಿದು ಫೋಟೋ ತೆಗೆಯುತ್ತಿದ್ದಳು. ಒಂದು ಬಣ್ಣದ ಕೊಕ್ಕರೆ ಗೂಡಿನ ಅಂಚಿನಲ್ಲಿ ನಿಂತು ಎರಡೂ ರೆಕ್ಕೆ ಅರ್ಧ ಬಿಚ್ಚಿಕೊಂಡಿತ್ತು. ಹಾರಲೂ ಇಲ್ಲ, ಮುಚ್ಚಿಕೊಳ್ಳಲೂ ಇಲ್ಲ. "ರೆಕ್ಕೆ ಒಣಗಿಸ್ಕೊಳ್ತಿದೆ ಚಿಕ್ಕಮ್ಮ, ನೀರುಕಾಗೆ ಥರ" ಅಂದಳು.

"ಒಣಗಿಸ್ಕೊಳಕೆ ಅದು ಎಲ್ಲಿ ಮುಳುಗಿತ್ತವ್ವ?" ಅಂದರು ತಾತ. "ಮಕ್ಳಿಗೆ ನೆಳ್ಳು ಮಡಗ್ಯದೆ. ವಸಿ ಕೂತ್ಕಂಡು ನೋಡು. ಬಿಸ್ಲು ತಿರುಗ್ದಂಗೆ ಅದೂ ತಿರುಗ್ತದೆ."

ಕೂತೆವು. ಅವರ ಮನೆಯವರು ಮಜ್ಜಿಗೆ ತಂದುಕೊಟ್ಟರು. ಮೊದಲ ಹತ್ತು ನಿಮಿಷ ಏನೂ ಆಗಲಿಲ್ಲ. ಹುಡುಗಿ ಚಡಪಡಿಸಿದಳು. ಆಮೇಲೆ ನಿಧಾನಕ್ಕೆ ಕಾಣತೊಡಗಿತು. ತಾಯಿ ಬೆನ್ನನ್ನು ಸೂರ್ಯನ ಕಡೆಗೇ ಇಟ್ಟುಕೊಂಡಿತ್ತು. ಮರಿಗಳು ನೆರಳಿನ ಒಳಗೇ ಮುದುರಿಕೊಂಡಿದ್ದವು. ಒಂದು ಮರಿ ಹೊರಗೆ ಬಂದರೆ ಅದರ ತಲೆ ಬೆಳ್ಳಗೆ ಹೊಳೆಯುತ್ತಿತ್ತು, ಮತ್ತೆ ಒಳಗೆ ತೂರಿಕೊಳ್ಳುತ್ತಿತ್ತು. ಹೊತ್ತು ಏರಿದ ಹಾಗೆ ಹಕ್ಕಿ ಹೆಜ್ಜೆ ಬದಲಿಸಿ ನಿಂತಿತು. ಹುಡುಗಿ ಫೋಟೋ ತೆಗೆಯುವುದನ್ನು ಬಿಟ್ಟು ಹೊತ್ತು ಬರೆದುಕೊಳ್ಳಲು ಶುರು ಮಾಡಿದಳು.

ಆಮೇಲೆ ತಾತನ ಮಾತು ನಿಲ್ಲಲಿಲ್ಲ. ಹೆಜ್ಜಾರ್ಲೆ ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ತಲೆ ಹಾಕಿ ಉಣ್ಣುತ್ತದೆ. ಕೊಕ್ಕರೆ ಹಾಗಲ್ಲ, ತಂದ ಮೀನನ್ನು ಗೂಡಿನೊಳಗೆ ಕಾರುತ್ತದೆ, ಮರಿಗಳು ಆರಿಸಿಕೊಂಡು ತಿನ್ನುತ್ತವೆ. ಹುಣಸೆ ಫಸಲು ಹಾಳಾಗುತ್ತದೆ ನಿಜ, ಆದರೆ ಕೆಳಗೆ ಬಿದ್ದ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಹಳೇ ಊರು ಶಿಂಷಾ ಹೊಳೆಯ ದಂಡೆಯಲ್ಲಿತ್ತಂತೆ, ಪ್ಲೇಗ್ ಬಂದಾಗ ಜನ ಊರು ಬಿಟ್ಟು ಈ ಕಡೆ ಬಂದರಂತೆ, ಹಕ್ಕಿಗಳೂ ಹಿಂದೆಯೇ ಬಂದವಂತೆ. "ಬಾಣಂತನಕ್ಕೆ ತವರಿಗೆ ಬಂದ ಹೆಣ್ಮಕ್ಳು ಕಣವ್ವ ಇವು. ಓಡ್ಸಕ್ಕಾಯ್ತದಾ?"

ಎಲ್ಲರೂ ಹಾಗೇ ಮಾತಾಡುವುದಿಲ್ಲ. ಪಕ್ಕದ ಬೀದಿಯಲ್ಲಿ ಒಬ್ಬರು ಖಾರವಾಗಿಯೇ ಹೇಳಿದರು. ಮರ ಕಡಿದರೆ ಕೇಳುತ್ತಾರೆ, ಹಾಳಾದ ಹುಣಸೆ ಫಸಲಿಗೆ ಕೊಡುವ ಪರಿಹಾರದ ದುಡ್ಡು ಯಾವ ಮೂಲೆಗೂ ಸಾಲದು, ಶನಿವಾರ ಭಾನುವಾರ ಬಂದು ಫೋಟೋ ತೆಗೆದುಕೊಂಡು ಹೋಗುವವರಿಗೆ ಏನು ಗೊತ್ತು ಅಂದರು. ಅವರ ಮಾತೂ ಸರಿಯೇ. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಬೇಲಿ ಹಾಕಿದ ಕಾಡಿನ ಹಾಗೆ ಇದನ್ನು ಕಾಯಲು ಆಗುವುದಿಲ್ಲ. ಮರ ಜನರದ್ದು, ಹಿತ್ತಲು ಜನರದ್ದು. ಅವರು ಬೇಡ ಅಂದ ದಿನ ಇಲ್ಲಿ ಒಂದು ಗೂಡೂ ಉಳಿಯುವುದಿಲ್ಲ.

ತೇಜಸ್ವಿ ಬರೆದದ್ದು ಇಂಥ ಜನರನ್ನೇ. ಪ್ರಕೃತಿ ಬಗ್ಗೆ ಚೆಂದದ ಮಾತು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ತೇಜಸ್ವಿಯವರಿಗೆ ಬರೀ ಚೆಂದ ಸಾಲುತ್ತಿರಲಿಲ್ಲ. ಅವರು ಕೋವಿ ಹಿಡಿದು ಕಾಡು ಸುತ್ತಿದವರು, ಗಾಳ ಹಾಕಿ ಮೀನಿಗಾಗಿ ಕಾದವರು, ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದವರು. ಕಾಡಿನಿಂದ ಅನ್ನ ಹುಟ್ಟಿಸಿಕೊಳ್ಳುವವರ ಜೊತೆ ಬದುಕಿದವರು. 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಅವರು ಆಗ ನಡೆಯುತ್ತಿದ್ದ ನವ್ಯ ಸಾಹಿತ್ಯದ ದಾರಿ ಬಿಟ್ಟು ಹೊರಟರು. ತಮ್ಮ ಮೇಲೆ ಪ್ರಭಾವ ಬೀರಿದವರು ಸಮಾಜವಾದಿ ನಾಯಕ ಲೋಹಿಯಾ, ಕುವೆಂಪು ಮತ್ತು ಶಿವರಾಮ ಕಾರಂತ ಎಂದರು. ಮೂವರೂ ಸಾಮಾನ್ಯ ಮನುಷ್ಯನನ್ನು ಸಣ್ಣವನು ಅಂತ ಕಂಡವರಲ್ಲ.

1980ರಲ್ಲಿ ಬಂದ 'ಕರ್ವಾಲೋ'ದಲ್ಲಿ ಊರಿನವರ ಲೆಕ್ಕಕ್ಕೆ ಮಂದಣ್ಣ ಕೆಲಸಕ್ಕೆ ಬಾರದವನು. ಅವನಿಗೆ ಒಂದು ನೌಕರಿ ಬೇಕು, ಮದುವೆ ಆಗಬೇಕು. ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬೀಳುತ್ತಾನೆ. ಆದರೆ ಹಾರುವ ಓತಿಯನ್ನು ಕಂಡವನು ಅವನೇ. ಕರ್ವಾಲೋ ದೊಡ್ಡ ವಿಜ್ಞಾನಿ ಅನ್ನಿಸುವುದು ಅವರ ಓದಿನಿಂದ ಅಲ್ಲ, ಮಂದಣ್ಣನ ಕಣ್ಣನ್ನು ನಂಬಿದ್ದರಿಂದ. ಓತಿ ಹುಡುಕಲು ಕಾಡಿಗೆ ಹೋಗುವ ತಂಡದಲ್ಲಿ ಬಿರಿಯಾನಿ ಕರಿಯಪ್ಪ ಇದ್ದಾನೆ, ಎಂಗ್ಟ ಇದ್ದಾನೆ, ಕಿವಿ ಅನ್ನುವ ನಾಯಿಯೂ ಇದೆ. ಆ ತಂಡದಲ್ಲಿ ಯಾರೂ ಲೆಕ್ಕಕ್ಕೆ ಇಲ್ಲದವರಲ್ಲ. ಮೈಸೂರಿನಲ್ಲೇ ಮೇಷ್ಟರಾಗಿ ಉಳಿದಿದ್ದರೆ ತೇಜಸ್ವಿ ಖಂಡಿತ ಒಳ್ಳೆಯ ಪುಸ್ತಕ ಬರೆಯುತ್ತಿದ್ದರು. ಮಂದಣ್ಣನನ್ನು ಬರೆಯುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ನಮ್ಮ ಪಠ್ಯಪುಸ್ತಕಗಳ ಮೇಲೆ ನನಗೆ ಸಿಟ್ಟಿರುವುದು ಈ ಕಾರಣಕ್ಕೇ. ಲೇಖಕರ ಪರಿಚಯ ಅಂತ ಹುಟ್ಟಿದ ವರ್ಷ, ಕೃತಿಗಳ ಪಟ್ಟಿ, ಪ್ರಶಸ್ತಿ ಕೊಟ್ಟು ಮುಗಿಸುತ್ತಾರೆ. ಮಕ್ಕಳನ್ನು ಒಂದು ದಿನ ಮರದ ಕೆಳಗೆ ಕೂರಿಸಿದರೆ ತೇಜಸ್ವಿ ಎಷ್ಟು ಬೇಗ ಅರ್ಥವಾಗುತ್ತಾರೆ!

ಹೊರಡುವಾಗ ಹುಡುಗಿ ತಾತನಿಗೆ ನನ್ನ ಚೀಲದಲ್ಲಿದ್ದ, ತೇಜಸ್ವಿಯವರ ಹಕ್ಕಿಗಳ ಪುಸ್ತಕ 'ಹಕ್ಕಿ ಪುಕ್ಕ' ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಹಾಳೆ ತಿರುವಿದರು. ಗೊತ್ತಿದ್ದ ಹಕ್ಕಿಗಳಿಗೆ ತಮ್ಮೂರಿನ ಹೆಸರು ಹೇಳಿದರು, ಅವಳು ಬರೆದುಕೊಂಡಳು. ಬರೆದವರು ಯಾರು ಅಂತ ಕೇಳಿದರು. ಕಾಫಿ ತೋಟ ಮಾಡಿಕೊಂಡಿದ್ದರು ಅಂದೆ. "ಅಂಗಾದ್ರೆ ಬೇಸಾಯದವ್ರೇ ಅನ್ನು" ಅಂದರು, ಬಹಳ ಸಮಾಧಾನದಿಂದ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಇನ್ನೊಂದು ತಕರಾರು ಶುರುವಾಯಿತು. ಓತಿ ಕೈಗೆ ಸಿಗದೆ ಕಣಿವೆಗೆ ತೇಲಿಹೋಯಿತಲ್ಲ, ಅಷ್ಟು ಕಷ್ಟಪಟ್ಟದ್ದು ದಂಡ ಅಲ್ವಾ ಅಂದಳು. ಮಂಡ್ಯ ದಾಟುವವರೆಗೂ ವಾದ ಮಾಡಿದೆವು. ನನಗೆ ಆ ಕೊನೆಯೇ ಸರಿ. ಸಿಕ್ಕಿದ್ದರೆ ಓತಿ ಬಾಟಲಿಯೊಳಗೆ ಸೇರುತ್ತಿತ್ತು, ಕತೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಅವಳು ಒಪ್ಪಲಿಲ್ಲ, ಪುರಾವೆ ಬೇಕು ಅಂದಳು. ವಿಜ್ಞಾನ ಓದುವವಳು, ಹಾಗೆ ಕೇಳುವುದೂ ನನಗೆ ಇಷ್ಟವೇ.

ಮುಂದೆ ಯಾವುದು ಓದಲಿ ಅಂತ ಕೇಳಿದಳು. 'ಚಿದಂಬರ ರಹಸ್ಯ' ಹೆಸರು ಅವಳಿಗೆ ಗೊತ್ತಿತ್ತು. ಅದು ಆಮೇಲೆ ಅಂದೆ. ಅದರಲ್ಲಿ ಕೊನೆಗೆ ಕಾಡು ಹೊತ್ತಿ ಉರಿಯುತ್ತದೆ. ಅದಕ್ಕೆ ಮೊದಲು ಆ ಕಾಡಿನಲ್ಲಿ ಯಾರು ಯಾರು ಇದ್ದಾರೆ ಅಂತ ಅವಳಿಗೆ ಪರಿಚಯವಾಗಲಿ. ಮನೆಗೆ ಬಂದ ಮೇಲೆ 'ಪರಿಸರದ ಕತೆ' ಕೊಟ್ಟು ಕಳಿಸಿದೆ.