ಫಿಟ್‌ನೆಸ್ ಬ್ಯಾಂಡ್‌ನ ಚಾರ್ಜ್ ನಿಲ್ಲುತ್ತಿಲ್ಲವೇ? ಮೊದಲು ರಾತ್ರಿಯ ಲೆಕ್ಕ ನೋಡಿ

ಬ್ಯಾಂಡ್‌ನ ಚಾರ್ಜ್ ಮೂರೇ ದಿನಕ್ಕೆ ಮುಗಿಯತೊಡಗಿದರೆ ಹೆಚ್ಚಿನವರು ನೇರವಾಗಿ ಫ್ಯಾಕ್ಟರಿ ರೀಸೆಟ್‌ಗೆ ಕೈ ಹಾಕುತ್ತಾರೆ. ಅದು ಕೊನೆಗೆ ಮಾಡಬೇಕಾದ ಕೆಲಸ. ರೀಸೆಟ್ ಮಾಡಿದಾಗ ಎಲ್ಲ ಸೆಟ್ಟಿಂಗೂ ಒಟ್ಟಿಗೇ ಬದಲಾಗುತ್ತದೆ. ಚಾರ್ಜ್ ನಿಲ್ಲತೊಡಗಿದರೂ ಯಾವುದನ್ನು ಬದಲಿಸಿದ್ದರಿಂದ ನಿಂತಿತು ಎಂಬುದು ತಿಳಿಯುವುದಿಲ್ಲ. ಎರಡು ವಾರ ಕಳೆದು ಅದೇ ಆಯ್ಕೆಯನ್ನು ಮತ್ತೆ ಆನ್ ಮಾಡಿದರೆ ಮತ್ತದೇ ಗೋಳು.

2021ರಲ್ಲಿ ಬಂದ ಶಿಯೋಮಿ ಕಂಪನಿಯ ಎಂಐ ಸ್ಮಾರ್ಟ್ ಬ್ಯಾಂಡ್ 6 ಅನ್ನೇ ತೆಗೆದುಕೊಳ್ಳೋಣ. ಬ್ಯಾಟರಿ 125 ಎಂಎಎಚ್ (ಮಿಲಿಆಂಪಿಯರ್-ಗಂಟೆ, ಅಂದರೆ ಎಷ್ಟು ಚಾರ್ಜ್ ಹಿಡಿಸುತ್ತದೆ ಎಂಬ ಅಳತೆ), ಕಂಪನಿ ಹೇಳುವ ಬಾಳಿಕೆ 14 ದಿನ. ಅದನ್ನು 14 ದಿನದ ಗಂಟೆಗಳಿಂದ ಭಾಗಿಸಿ ನೋಡಿದರೆ ಬ್ಯಾಂಡ್ ಸರಾಸರಿ 0.37 ಮಿಲಿಆಂಪಿಯರ್ ಕರೆಂಟಿನಲ್ಲೇ ಬದುಕಬೇಕು. ಮೂರು ದಿನಕ್ಕೆ ಖಾಲಿಯಾಯಿತೆಂದರೆ ಸರಾಸರಿ 1.7 ಮಿಲಿಆಂಪಿಯರ್ ಹೋಗುತ್ತಿದೆ ಎಂದರ್ಥ. ಮೊಬೈಲ್ ಮಟ್ಟಿಗೆ ಈ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ, ಬ್ಯಾಂಡ್ ಮಟ್ಟಿಗೆ ನಾಲ್ಕೂವರೆ ಪಟ್ಟು. ಇನ್ನೊಂದು ಮಾತು: ಆ 14 ದಿನ ಎಂಬುದು ಹೆಚ್ಚಿನ ಸೌಲಭ್ಯಗಳನ್ನು ಆಫ್ ಮಾಡಿಟ್ಟಾಗಿನ ಲೆಕ್ಕ. ಎಲ್ಲವನ್ನೂ ಆನ್ ಮಾಡಿಕೊಂಡವರಿಗೆ ಐದಾರು ದಿನ ಬಂದರೆ ಅದು ದೋಷವಲ್ಲ, ದೂರುವಂಥದ್ದೂ ಅಲ್ಲ.

ಅಳೆಯುವುದು ಸುಲಭ. ಪೂರ್ತಿ ಚಾರ್ಜ್ ಆದ ತಕ್ಷಣ ಅಳೆಯಬೇಡಿ. ಶೇಕಡಾವಾರು ಅಂಕಿ ಬರುವುದು ಮುಖ್ಯವಾಗಿ ಬ್ಯಾಟರಿಯ ವೋಲ್ಟೇಜ್ ನೋಡಿ ಹಾಕಿದ ಅಂದಾಜಿನಿಂದ. ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಅದನ್ನು ನಂಬುವ ಹಾಗಿಲ್ಲ. ಶೇ. 90ರಿಂದ 40ರ ನಡುವೆ ಇದ್ದಾಗ, ಮಲಗುವ ಮುಂಚೆ ಒಮ್ಮೆ, ಎದ್ದ ಕೂಡಲೇ ಒಮ್ಮೆ ಅಂಕಿ ಬರೆದಿಟ್ಟುಕೊಳ್ಳಿ. ಹೀಗೆ ಎರಡು ಮೂರು ರಾತ್ರಿ. 14 ದಿನದ ಬಾಳಿಕೆಯೆಂದರೆ ದಿನಕ್ಕೆ ಸುಮಾರು ಶೇ. 7, ಎಂಟು ಗಂಟೆಯ ನಿದ್ದೆಗೆ ಎರಡೂವರೆ. ರಾತ್ರಿಯೊಂದರಲ್ಲೇ ಶೇ. 8–10 ಇಳಿದರೆ ತಪ್ಪಿತಸ್ಥ, ಚರ್ಮಕ್ಕೆ ಬೆಳಕು ಹಾಯಿಸಿ ಹೃದಯ ಬಡಿತ ಅಳೆಯುವ ಸೆನ್ಸರ್. ರಾತ್ರಿ ಸರಿಯಿದ್ದು ಹಗಲಲ್ಲಿ ಶೇ. 20 ಹೋಗುತ್ತಿದ್ದರೆ ಸ್ಕ್ರೀನ್ ಅಥವಾ ನೋಟಿಫಿಕೇಶನ್. ಹಗಲು ರಾತ್ರಿ ಎರಡೂ ಒಂದೇ ವೇಗದಲ್ಲಿ ಇಳಿಯುತ್ತಿದ್ದರೆ ಬ್ಲೂಟೂತ್, ಫರ್ಮ್‌ವೇರ್ (ಬ್ಯಾಂಡ್‌ನೊಳಗಿನ ಸಾಫ್ಟ್‌ವೇರ್) ಅಥವಾ ಬ್ಯಾಟರಿಯನ್ನೇ ಅನುಮಾನಿಸಬೇಕು.

ರಾತ್ರಿಯ ಸೋರಿಕೆಗೆ ಮೊದಲು ನೋಡಬೇಕಾದದ್ದು ನಿದ್ದೆಯಲ್ಲಿನ ಉಸಿರಾಟದ ಗುಣಮಟ್ಟ ಅಳೆಯುವ ಆಯ್ಕೆ. ಆ್ಯಪ್‌ನಲ್ಲಿ ಇದು ‘ಸ್ಲೀಪ್ ಬ್ರೀದಿಂಗ್ ಕ್ವಾಲಿಟಿ’ ಎಂಬ ಹೆಸರಿನಲ್ಲಿ, ಹಾರ್ಟ್ ರೇಟ್ ಸೆಟ್ಟಿಂಗ್‌ಗಳ ಜೊತೆಗೇ ಇರುತ್ತದೆ. ಹೃದಯ ಬಡಿತಕ್ಕೆ ಹಸಿರು ಎಲ್‌ಇಡಿ ಸಾಕು. ಉಸಿರಾಟದ ಗುಣಮಟ್ಟಕ್ಕೆ ರಕ್ತದ ಆಮ್ಲಜನಕ ಅಳೆಯಬೇಕು, ಅದಕ್ಕೆ ಕೆಂಪು ಮತ್ತು ಇನ್‌ಫ್ರಾರೆಡ್ ಎಲ್‌ಇಡಿ ಎರಡೂ ಉರಿಯಬೇಕು, ಅದೂ ರಾತ್ರಿಯಿಡೀ ಮತ್ತೆ ಮತ್ತೆ. ಇದೊಂದನ್ನು ಆಫ್ ಮಾಡಿ ಮರುದಿನ ಬೆಳಿಗ್ಗೆ ಅಂಕಿ ನೋಡಿ. ಆಮೇಲೆ ಹಾರ್ಟ್ ರೇಟ್ ಅಳೆಯುವ ಅಂತರವನ್ನು 1 ನಿಮಿಷದಿಂದ 10 ನಿಮಿಷಕ್ಕೆ ಏರಿಸಿ. ದಿನವಿಡೀ ಸ್ಟ್ರೆಸ್ ಅಳೆಯುವ ಆಯ್ಕೆಯೂ ಅದೇ ಎಲ್‌ಇಡಿಯ ಮೇಲೆ ನಡೆಯುವುದರಿಂದ ಅದನ್ನೂ ನಿಲ್ಲಿಸಿ. ವೈದ್ಯರು ಹೇಳಿದ ಕಾರಣಕ್ಕೆ ಬಡಿತದ ಮೇಲೆ ಕಣ್ಣಿಟ್ಟವರು ಮಾತ್ರ ಅಂತರ ಬದಲಿಸುವ ಮೊದಲು ಯೋಚಿಸಬೇಕು. ಉಳಿದವರಿಗೆ 10 ನಿಮಿಷಕ್ಕೊಮ್ಮೆ ಧಾರಾಳವಾಯಿತು ಎಂದೇ ನನ್ನ ಅಭಿಪ್ರಾಯ.

ಸೆಟ್ಟಿಂಗ್ ಎಲ್ಲ ಸರಿಯಿದ್ದೂ ರಾತ್ರಿ ಇಳಿಯುತ್ತಿದ್ದರೆ ಬ್ಯಾಂಡ್ ಅನ್ನು ಕೈಗೆ ಕಟ್ಟುವ ಪಟ್ಟಿ ನೋಡಿ. ಪಟ್ಟಿ ಸಡಿಲವಿದ್ದರೆ ಚರ್ಮದಿಂದ ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ಆಗ ಬ್ಯಾಂಡ್ ಎಲ್‌ಇಡಿಗೆ ಹೆಚ್ಚು ಕರೆಂಟ್ ಕೊಟ್ಟು ಪ್ರಯತ್ನಿಸುತ್ತದೆ, ಸಿಗದಿದ್ದರೆ ಮತ್ತೆ ಅಳೆಯುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲಕ್ಕೆ, ಅಲುಗಾಡದಷ್ಟು ಬಿಗಿಯಾಗಿ ಕಟ್ಟಿ. ಸೆನ್ಸರ್ ಗಾಜಿನ ಮೇಲೆ ಒಣಗಿದ ಬೆವರು, ಎಣ್ಣೆ, ಸನ್‌ಸ್ಕ್ರೀನ್ ಪದರವಿದ್ದರೂ ಇದೇ ಕಥೆ. ಒದ್ದೆ ಬಟ್ಟೆಯಿಂದ ಒರೆಸಿ.

ಹಗಲಿನ ಸೋರಿಕೆಗೆ ಹೆಚ್ಚಿನ ಸಲ ಕಾರಣ, ಕೈ ಎತ್ತಿದರೆ ಸ್ಕ್ರೀನ್ ಬೆಳಗುವ ಆಯ್ಕೆ. ಬೈಕ್ ಓಡಿಸುವವರ ಬ್ಯಾಂಡ್ ಹಂಪ್ ಬಂದಾಗೊಮ್ಮೆ, ಗುಂಡಿ ಬಂದಾಗೊಮ್ಮೆ ಬೆಳಗುತ್ತದೆ. ನಮ್ಮ ರಸ್ತೆಗಳಲ್ಲಿ ಇನ್ನು ಹೇಳಬೇಕೇ? ಅದನ್ನು ಪೂರ್ತಿ ಆಫ್ ಮಾಡಲು ಮನಸ್ಸಿಲ್ಲದಿದ್ದರೆ ಸೂಕ್ಷ್ಮತೆಯನ್ನು ‘ನಾರ್ಮಲ್’ಗೆ ಇಳಿಸಿ, ‘ಶೆಡ್ಯೂಲ್’ ಹಾಕಿ ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ಮಾತ್ರ ಇಡಿ. ಬೆಳಕು ಎರಡನೇ ಮಟ್ಟದಲ್ಲಿ ಸಾಕು. ಪ್ರತಿ ಪಿಕ್ಸೆಲ್ (ಚುಕ್ಕೆ) ತಾನೇ ಬೆಳಗುವ ಅಮೊಲೆಡ್ ಪರದೆಯಲ್ಲಿ ಕಪ್ಪು ಪಿಕ್ಸೆಲ್ ಉರಿಯುವುದೇ ಇಲ್ಲ. ಹಾಗಾಗಿ ಮಗುವಿನ ಫೋಟೊ ಹಾಕಿದ ವಾಚ್‌ಫೇಸ್‌ಗಿಂತ ಕಪ್ಪು ಹಿನ್ನೆಲೆಯ ಸಾದಾ ಅಂಕಿಗಳಿಗೆ ತಗಲುವ ಖರ್ಚು ಕಡಿಮೆ. ಸದಾ ಬೆಳಗಿರುವ ಡಿಸ್‌ಪ್ಲೇ ಇರುವ ಮಾಡೆಲ್‌ಗಳಲ್ಲಿ ಬಾಳಿಕೆ ಅರ್ಧಕ್ಕೂ ಕೆಳಗೆ ಬೀಳಬಹುದು. ಫಿಟ್‌ಬಿಟ್ ಚಾರ್ಜ್ 5ರಲ್ಲಿ ಕಂಪನಿಯ ಲೆಕ್ಕವೇ ಏಳು ದಿನದಿಂದ ಎರಡು ದಿನಕ್ಕೆ ಇಳಿಯುತ್ತದೆ.

ನೋಟಿಫಿಕೇಶನ್ ಬಂದಾಗ ಮೂರು ಖರ್ಚು ಒಟ್ಟಿಗೆ: ಬ್ಲೂಟೂತ್ ರೇಡಿಯೊ, ವೈಬ್ರೇಶನ್ ಮೋಟಾರ್, ಸ್ಕ್ರೀನ್. ಕುಟುಂಬದ ಒಂದು ವಾಟ್ಸ್‌ಆ್ಯಪ್ ಗುಂಪಿನ ಬೆಳಗಿನ ಶುಭೋದಯಗಳೇ ಸಾಕು. ಗುಂಪುಗಳನ್ನು ಮೊಬೈಲ್‌ನಲ್ಲೇ ಮ್ಯೂಟ್ ಮಾಡಿ, ಬ್ಯಾಂಡ್‌ಗೆ ಕಾಲ್, ಎಸ್‌ಎಂಎಸ್ ಮತ್ತು ಬೇಕೇ ಬೇಕಾದ ಒಂದೆರಡು ಆ್ಯಪ್ ಮಾತ್ರ ಬಿಡಿ. ಮೊಬೈಲ್ ಸ್ಕ್ರೀನ್ ಆಫ್ ಇದ್ದಾಗ ಮಾತ್ರ ಕಳುಹಿಸುವ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ. ವ್ಯಾಯಾಮ ಮುಗಿದ ಮೇಲೆ ವರ್ಕೌಟ್ ನಿಲ್ಲಿಸಲು ಮರೆತರೆ ಹಾರ್ಟ್ ರೇಟ್ ಬಿಡದೆ ಅಳೆಯುತ್ತಲೇ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಇನ್ನು ಎರಡೂ ಹೊತ್ತು ಒಂದೇ ಸಮ ಇಳಿಯುವುದು. ಆಂಡ್ರಾಯ್ಡ್‌ನ ಬ್ಯಾಟರಿ ಉಳಿತಾಯ ವ್ಯವಸ್ಥೆ ಬ್ಯಾಂಡ್‌ನ ಆ್ಯಪನ್ನು ಹಿನ್ನೆಲೆಯಲ್ಲಿ ಕೊಂದುಹಾಕುತ್ತಿದ್ದರೆ ಸಂಪರ್ಕ ಕಡಿದು, ಮತ್ತೆ ಕೂಡಿ, ಮತ್ತೆ ಸಿಂಕ್ ಆಗುತ್ತಿರುತ್ತದೆ. ಮೊಬೈಲ್ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಬಳಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ, ಆಟೋಸ್ಟಾರ್ಟ್‌ಗೆ ಅನುಮತಿ ಕೊಡಿ. ಒಂದೇ ಬ್ಯಾಂಡ್‌ಗೆ ಎರಡು ಆ್ಯಪ್ ಜೋಡಿಸಿದ್ದರೆ ಒಂದನ್ನು ತೆಗೆಯಿರಿ. ಫರ್ಮ್‌ವೇರ್ ಅಪ್‌ಡೇಟ್ ಆದ ಬೆನ್ನಿಗೇ ಸಮಸ್ಯೆ ಶುರುವಾಗಿದ್ದರೆ ಬ್ಯಾಂಡ್ ಅನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಎರಡು ದಿನ ಕಾದು ಮತ್ತೆ ಅಳೆಯಿರಿ. ಕೆಲವೊಮ್ಮೆ ಅಪ್‌ಡೇಟ್ ಜೊತೆ ಹೊಸ ಆಯ್ಕೆಗಳು ತಾವೇ ಆನ್ ಆಗಿರುತ್ತವೆ.

ಇಷ್ಟಾದರೂ ನಿಲ್ಲದಿದ್ದರೆ ರೀಸೆಟ್. ಕ್ರಮ ಮುಖ್ಯ: ಮೊದಲು ಸಿಂಕ್ ಮಾಡಿ ದತ್ತಾಂಶ ಉಳಿಸಿಕೊಳ್ಳಿ, ಆ್ಯಪ್‌ನಲ್ಲಿ ಅನ್‌ಪೇರ್ ಮಾಡಿ, ಮೊಬೈಲ್‌ನ ಬ್ಲೂಟೂತ್ ಪಟ್ಟಿಯಲ್ಲಿ ಹೆಸರು ಉಳಿದಿದ್ದರೆ ಅಲ್ಲಿಂದಲೂ ಅಳಿಸಿ, ಆಮೇಲೆ ಬ್ಯಾಂಡ್ ರೀಸೆಟ್ ಮಾಡಿ. ಮತ್ತೆ ಜೋಡಿಸಿದ ಮೇಲೆ ಒಂದು ದಿನಕ್ಕೆ ಒಂದೇ ಆಯ್ಕೆ ಆನ್ ಮಾಡುತ್ತ ಬನ್ನಿ.

ಕೊನೆಯ ಪರೀಕ್ಷೆ ಬ್ಯಾಟರಿಗೆ. ಮೊಬೈಲ್‌ನ ಬ್ಲೂಟೂತ್ ಆಫ್ ಮಾಡಿ, ಬ್ಯಾಂಡ್ ಅನ್ನು ಕೈಯಿಂದ ಬಿಚ್ಚಿ ರಾತ್ರಿಯಿಡೀ ಮೇಜಿನ ಮೇಲೆ ಪಕ್ಕಕ್ಕೆ ವಾಲಿಸಿ ಇಡಿ. ಬೋರಲಾಗಿ ಇಟ್ಟರೆ ಮೇಜಿನ ಮೇಲ್ಮೈಯಿಂದ ವಾಪಸಾಗುವ ಬೆಳಕನ್ನೇ ಚರ್ಮವೆಂದು ತಿಳಿದು ಅಳೆಯುತ್ತ ಕೂರಬಹುದು. ಹೀಗಿಟ್ಟಾಗ ಶೇ. 1–2ಕ್ಕಿಂತ ಹೆಚ್ಚು ಇಳಿಯಬಾರದು. ಶೇ. 10 ಇಳಿದರೆ ಯಾವ ಸೆಟ್ಟಿಂಗೂ ಉಪಯೋಗಕ್ಕೆ ಬಾರದು. ವಾರಂಟಿ ಇದ್ದರೆ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಇಲ್ಲದಿದ್ದರೆ, ಅಂಟಿನಿಂದ ಮುಚ್ಚಿದ ಇಂಥ ಬ್ಯಾಂಡ್ ಬಿಚ್ಚಿಸಿ ಬ್ಯಾಟರಿ ಹಾಕಿಸಿದರೂ ನೀರಿನ ತಡೆ ಮೊದಲಿನಂತೆ ಉಳಿಯುವ ಭರವಸೆ ಇಲ್ಲ.

ಸ್ಕ್ರೀನ್ ಒಂದು ಮೂಲೆಯಲ್ಲಿ ಎದ್ದಂತೆ ಕಂಡರೆ ಒಳಗೆ ಬ್ಯಾಟರಿ ಉಬ್ಬಿರಬಹುದು. ಅದನ್ನು ಒತ್ತಿ ಕೂರಿಸಬೇಡಿ, ಚಾರ್ಜ್‌ಗೆ ಹಾಕಬೇಡಿ, ಕೈಗೆ ಕಟ್ಟಬೇಡಿ. ಬೇಗ ಹೊತ್ತಿಕೊಳ್ಳುವ ವಸ್ತುಗಳಿಂದ ದೂರವಿಟ್ಟು, ಕಸದ ಬುಟ್ಟಿಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ.